ಚೆನ್ನಾಗಿ ಕೇಳಿಸುತ್ತಿದ್ದ ಒಂದು ಬಲಗಿವಿಯ ವಿಷಯವಾಗಿ

ಚಿಕಿತ್ಸಾ ಅನುಮೋದನಾ ಮಂಡಳಿಯ ಮಾನ್ಯ ನಿರ್ದೇಶಕರೇ,

ನನ್ನ ಅಕ್ಕನ ಗಂಡನ ಬಲಗಿವಿ ನಿಮ್ಮ ಮಂಡಳಿ ಬಯಸಿದ ಮಟ್ಟಕ್ಕೆ ಕೆಟ್ಟಿದೆ ಎಂದು ತಿಳಿಸಲು ಈ ಪತ್ರ. ಆ ಕಿವಿಯನ್ನು ಉಳಿಸಬಹುದಾಗಿದ್ದ ಔಷಧಿಗೆ, ಕಿವಿ ಕೆಟ್ಟ ಮೇಲೆ, ತಾವು ತಡಮಾಡದೆ ಒಪ್ಪಿಗೆ ಕೊಟ್ಟಿದ್ದೀರಿ. ಒಪ್ಪಿಗೆಯ ಕೊನೆಯ ಸಾಲಿನಲ್ಲಿ ಶೀಘ್ರ ಗುಣಮುಖರಾಗಲಿ ಎಂಬ ಹಾರೈಕೆಯೂ ಇದೆ. ಇಷ್ಟು ಸೌಜನ್ಯಕ್ಕೆ ಗುಟ್ಟಾಗಿ ಉತ್ತರಿಸುವುದು ಸಲ್ಲದೆಂದು ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ. ನಿಮ್ಮ ಕಚೇರಿಗೆ ಗುಟ್ಟಾಗಿ ಬರೆದ ಪತ್ರಗಳ ಗತಿ ಏನಾಗುತ್ತದೆಂದು ಬಲ್ಲೆನಾದ್ದರಿಂದಲೂ ಹೀಗೆ ಮಾಡಿದ್ದೇನೆ ಎಂಬುದನ್ನು ಮುಚ್ಚಿಡುವುದಿಲ್ಲ.

ಭಾವನವರು ಪಿಯಾನೊಗಳಿಗೆ ಶ್ರುತಿ ಕೂಡಿಸುವವರು. ಈ ಊರಿನ ಸಂಗೀತ ಶಾಲೆಗಳು, ಎರಡು ಹೋಟೆಲುಗಳು, ನಾಟಕ ಮಂದಿರ, ಹಳೆಯ ಪಿಯಾನೊವನ್ನು ಮಾರಲೂ ಆಗದೆ ನುಡಿಸಲೂ ಬಾರದೆ ಇಟ್ಟುಕೊಂಡ ಕೆಲವು ಮನೆಗಳು, ಇವೆಲ್ಲ ಅವರ ಗಿರಾಕಿಗಳು. ಮಕ್ಕಳು ಅವರನ್ನು ಕಿವಿ ಮೇಷ್ಟ್ರು ಎನ್ನುತ್ತಾರೆ. ಬಹುವಚನ ಮೇಷ್ಟ್ರಿಗೆ ಮಾತ್ರ, ಕಿವಿ ಒಂದೇ. ಬಾಲ್ಯದ ಒಂದು ಜ್ವರ ಎಡಗಿವಿಯನ್ನು ಪೂರ್ತಿ ಕೊಂಡೊಯ್ದಿತ್ತು. ಮದುವೆಯಾದ ಹೊಸದರಲ್ಲಿ ನಮ್ಮ ಅಕ್ಕ ಅವರ ಎಡಕ್ಕೆ ಕುಳಿತು ತನ್ನ ಮನಸ್ಸಿನಲ್ಲಿದ್ದುದನ್ನೆಲ್ಲ ತೋಡಿಕೊಂಡಳಂತೆ. ಗಂಡ ಎಷ್ಟು ಗಂಭೀರ ಮನುಷ್ಯ, ಎಲ್ಲವನ್ನೂ ಸಮಾಧಾನವಾಗಿ ಕೇಳುತ್ತಾನೆ ಎಂದು ಅಮ್ಮನಿಗೆ ಹೇಳಿ ಕಳಿಸಿದ್ದಳು. ನಿಜ ತಿಳಿದ ದಿನದಿಂದ ಅವಳ ಕುರ್ಚಿ ಊಟದ ಮೇಜಿನಲ್ಲಿ ಅವರ ಬಲಕ್ಕೆ ಬಂತು, ಈಗಲೂ ಅಲ್ಲೇ ಇದೆ. ಜಗಳ ಜೋರಾದರೆ ಭಾವ ಕತ್ತು ತಿರುಗಿಸಿ ಎಡಗಿವಿ ಒಡ್ಡುತ್ತಾರೆ. ಅವರ ಸಂಸಾರ ಇಷ್ಟು ಕಾಲ ನಡೆದುಬಂದ ಗುಟ್ಟು ಇದೇ ಎಂದು ನಾವೆಲ್ಲ ನಗುತ್ತಿದ್ದೆವು.

ಹೋದ ವರ್ಷದ ಕೊನೆಯಲ್ಲಿ ಅವರ ದನಿ ಒಡೆಯಿತು. ನೆಗಡಿ ಎಂದುಕೊಂಡೆವು, ಆಮೇಲೆ ಕೆಮ್ಮು ಎಂದುಕೊಂಡೆವು. ನುಂಗುವಾಗ ನೋವು ಕಿವಿಯತನಕ ಹೊಡೆಯತೊಡಗಿದಾಗ ಏನೆಂದುಕೊಳ್ಳಬೇಕೋ ತಿಳಿಯದೆ ಆಸ್ಪತ್ರೆಗೆ ಹೋದೆವು. ಗಂಟಲಿನ ಕೆಳಭಾಗದಲ್ಲಿ ಗಡ್ಡೆ ಬೆಳೆದಿತ್ತು, ಕುತ್ತಿಗೆಯ ಗಂಟುಗಳಿಗೂ ಹಬ್ಬಿತ್ತು. ಹೌದು, ಮಾನ್ಯರೇ, ಸಿಗರೇಟು ಸೇದುತ್ತಿದ್ದರು. ನಮ್ಮ ಅರ್ಜಿಯನ್ನು ತಿರಸ್ಕರಿಸಿದ ನಿಮ್ಮ ಮೊದಲ ಪತ್ರದಲ್ಲಿ ಅದನ್ನು ಎರಡು ಕಡೆ ನೆನಪಿಸಿದ್ದೀರಿ. ಮೂರನೆಯ ಬಾರಿ ನೆನಪಿಸುವ ಶ್ರಮ ತಪ್ಪಿಸಲು ನಾನೇ ಹೇಳಿಬಿಟ್ಟಿದ್ದೇನೆ.

ಆಸ್ಪತ್ರೆಯ ಡಾಕ್ಟರಮ್ಮ ಆಯ್ಕೆಗಳನ್ನು ಬಿಡಿಸಿ ಹೇಳಿದರು. ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿ ಕುತ್ತಿಗೆಯಲ್ಲಿ ಉಸಿರಿಗೆ ರಂಧ್ರ ಮಾಡುವುದು ಒಂದು. ಇಲ್ಲವೇ ಕೆಲವು ವಾರ ವಿಕಿರಣ ಕೊಡುತ್ತ, ಅದು ಇನ್ನಷ್ಟು ನಾಟಲೆಂದು ಜೊತೆಗೆ ಕೀಮೊ ಔಷಧಿ ಕೊಡುವುದು. ಭಾವ ಎರಡನೆಯದಕ್ಕೆ ತಲೆಯಾಡಿಸಿದರು. ಅದರೊಳಗೆ ಮತ್ತೊಂದು ಆಯ್ಕೆ ಇತ್ತು. ಸಿಸ್‌ಪ್ಲಾಟಿನ್ ಎಂಬ ಹಳೆಯ ಔಷಧಿಗೆ ಬಹುಕಾಲದ ಅನುಭವದ ಬಲವಿದೆ. ಆದರೆ ಅದು ಮೂತ್ರಪಿಂಡವನ್ನೂ ಕಿವಿಯನ್ನೂ ಕೆಡಿಸಬಹುದು. ಡೋಸಿಟಾಕ್ಸೆಲ್ ಎಂಬುದನ್ನು ಈ ಕೆಲಸಕ್ಕೆ ಬಳಸುತ್ತಿರುವುದು ಈಚೆಗೆ. ಹಳೆಯದನ್ನು ತಾಳಲಾರದವರಿಗೆ ಅದನ್ನು ಕೊಟ್ಟು, ಬರೀ ವಿಕಿರಣಕ್ಕಿಂತ ಒಳ್ಳೆಯ ಫಲ ಕಂಡಿದ್ದಾರೆ. ಅದೇನೂ ಸಾಧುವಲ್ಲ, ಬಾಯಿ ಹುಣ್ಣಾಗುತ್ತದೆ, ರಕ್ತದ ಬಿಳಿಕಣ ಇಳಿಯುತ್ತದೆ, ಆದರೆ ಕಿವಿಯ ತಂಟೆಗೆ ಸಾಮಾನ್ಯವಾಗಿ ಹೋಗುವುದಿಲ್ಲ. ಎರಡೂ ಸರಿಸಮ ಎಂದು ಆಣೆ ಮಾಡಿ ಹೇಳಲಾರೆ ಎಂದೂ ಡಾಕ್ಟರಮ್ಮ ಸ್ಪಷ್ಟಪಡಿಸಿದರು. ಅವರು ಏನನ್ನೂ ಮಾರುತ್ತಿರಲಿಲ್ಲ ಎಂಬುದಕ್ಕೆ ನನಗೆ ಆ ಒಂದು ಮಾತೇ ಸಾಕಾಯಿತು.

ಭಾವ ಪಿಸುದನಿಯಲ್ಲಿ, "ಮೊದಲನೇದು ಕೊಟ್ರೆ ಕಿವಿ ಖಂಡಿತ ಹೋಗುತ್ತಾ?" ಎಂದು ಕೇಳಿದರು.

"ಖಂಡಿತ ಅಂತ ಹೇಳೋಕಾಗಲ್ಲ ಮೇಷ್ಟ್ರೇ. ಎಷ್ಟೋ ಜನಕ್ಕೆ ಏನೂ ಆಗಲ್ಲ. ಆದ್ರೆ ನಿಮ್ಮ ಹತ್ರ ಇರೋದೇ ಒಂದು. ಹೋದ್ರೆ ವಾಪಸ್ ಬರಲ್ಲ."

ಅಕ್ಕ ನಡುವೆ ಬಾಯಿ ಹಾಕಿ, ಜೀವ ಮೊದಲು, ಕಿವಿ ಆಮೇಲೆ, ಹಳೇ ಔಷಧಿಯೇ ಇರಲಿ ಎಂದಳು. ಭಾವ ಅವಳ ಕಡೆ ತಿರುಗಿದರು. "ದನಿ ಹೆಂಗೂ ಅರ್ಧ ಹೋಗಿದೆ. ಕಿವಿನೂ ಹೋದ್ರೆ ನಾನು ಯಾವ ಕಡೆಯಿಂದ ಮನುಷ್ಯ ಅಂತ ಗೊತ್ತಾಗ್ಬೇಕು ಹೇಳು. ಖಾತ್ರಿ ಒಂಚೂರು ಕಡಿಮೆ ಇದ್ರೂ ಆಗ್ಲಿ. ಎರಡನೇದು ಕೊಡ್ಸಿ ಡಾಕ್ಟರೇ." ಅಕ್ಕ ಗೋಡೆಯ ಮೇಲಿದ್ದ, ಕೈ ತೊಳೆಯುವ ವಿಧಾನದ ಚಿತ್ರಪಟವನ್ನು ಬಹಳ ಹೊತ್ತು ಓದಿದಳು. ಆಮೇಲೆ ಆಗಲಿ ಎಂದಳು. ತಿಳಿದವರು ತಿಳಿಸಿದರು, ಅನುಭವಿಸಬೇಕಾದವನು ಆರಿಸಿದ, ಜೊತೆಗೆ ಬಾಳುವವಳು ಒಪ್ಪಿದಳು. ಆ ಕೋಣೆಯಲ್ಲಿ ಇನ್ನು ಯಾರ ಕೊರತೆಯಿತ್ತು? ತಮ್ಮದು, ಮಾನ್ಯರೇ.

ತಮ್ಮ ನಿಯಮ ಹೇಳುವುದು ಹೀಗೆ. ಇಂಥ ಕ್ಯಾನ್ಸರಿಗೆ ವಿಕಿರಣದ ಜೊತೆ ಮೊದಲ ಔಷಧಿ ಸಿಸ್‌ಪ್ಲಾಟಿನ್. ಪರ್ಯಾಯವನ್ನು ಪರಿಗಣಿಸಬೇಕಾದರೆ ಎರಡೂ ಕಿವಿಗಳಲ್ಲಿ ಶ್ರವಣದೋಷ ದಾಖಲಾಗಿರಬೇಕು. ಭಾವನವರ ಎಡಗಿವಿ ಸತ್ತಿದೆ, ಸರಿ. ಬಲಗಿವಿ ಚೆನ್ನಾಗಿದೆ. ಆದ್ದರಿಂದ ಅದನ್ನು ಕೆಡಿಸಬಹುದಾದ ಔಷಧಿಗೆ ಅವರು ಅರ್ಹರು. ಎರಡೂ ಕೆಟ್ಟಿದ್ದರೆ ಕಿವಿಯನ್ನು ಕಾಪಾಡುವ ಔಷಧಿ ಸಿಗುತ್ತಿತ್ತು, ಕಾಪಾಡಲು ಕಿವಿ ಮಾತ್ರ ಇರುತ್ತಿರಲಿಲ್ಲ. ಅಗ್ನಿಶಾಮಕ ದಳದವರು ಮನೆ ಪೂರ್ತಿ ಉರಿದ ಪ್ರಮಾಣಪತ್ರ ತಂದವರಿಗೆ ಮಾತ್ರ ನೀರು ಬಿಡುವುದಾಗಿ ಹೇಳಿದರೆ ತಾವು ಪತ್ರಿಕೆಗಳಿಗೆ ಬರೆಯುತ್ತಿರಲಿಲ್ಲವೇ? ಬರೆಯುತ್ತಿದ್ದಿರಿ. ತಮ್ಮ ಮನೆಯೂ ಉರಿಯಬಹುದಲ್ಲ.

ಔಷಧಿಯನ್ನು ನಾವೇ ಹೊರಗಿನಿಂದ ತಂದುಕೊಡುತ್ತೇವೆ ಎಂದೆವು. ಅದಕ್ಕೂ ತಮ್ಮಲ್ಲಿ ಕಟ್ಟಳೆಯಿದೆ. ಮಂಡಳಿ ಒಪ್ಪದ ಔಷಧಿ ಮೈಗೆ ಹೋದರೆ ಮಂಡಳಿ ಒಪ್ಪಿದ ವಿಕಿರಣವೂ ರದ್ದು.

ನಾನು ಸಾರ್ವಜನಿಕ ಗ್ರಂಥಾಲಯದಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಹಳೆಯ ಕಾಗದ ಎಸೆಯಬಾರದೆಂಬುದು ನನ್ನ ಕಸುಬಿನ ದುರಭ್ಯಾಸ. ನಿಮ್ಮ ಮಂಡಳಿ ಹುಟ್ಟಿದ ಕಾಲ ನನಗೆ ನೆನಪಿದೆ. ಕೈಚೀಲ ಹಿಡಿದ ಕಂಪನಿ ಪ್ರತಿನಿಧಿ ಬೆಳಿಗ್ಗೆ ತೋರಿಸಿದ ಔಷಧಿಯನ್ನೇ ಮಧ್ಯಾಹ್ನ ಚೀಟಿಯಲ್ಲಿ ಬರೆಯುತ್ತಿದ್ದ ಆಸ್ಪತ್ರೆಗಳಿದ್ದವು. ಅದಕ್ಕೆ ಕಡಿವಾಣ ಹಾಕಲು ನಿಮ್ಮನ್ನು ಕೂರಿಸಿದರು, ನಾವೂ ಚಪ್ಪಾಳೆ ತಟ್ಟಿದೆವು. ನಿಯಮವೇ ಬೇಡ ಎನ್ನುವ ಮೂರ್ಖ ನಾನಲ್ಲ. ಸಿಸ್‌ಪ್ಲಾಟಿನ್ ಕೆಟ್ಟದ್ದು ಎಂದೂ ನಾನು ಹೇಳುತ್ತಿಲ್ಲ. ಅದರಿಂದ ಬದುಕಿದವರು ನನ್ನ ಬೀದಿಯಲ್ಲೇ ಇದ್ದಾರೆ, ಬದುಕಿ ನನ್ನೊಡನೆ ಜಗಳವಾಡುತ್ತಲೂ ಇದ್ದಾರೆ. ಆದರೆ ಇನ್ನೂ ಒಂದು ನೆನಪಿದೆ. ಇದೇ ಮಂಡಳಿ ಮೊದಲು ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೂ ಒಪ್ಪಿಗೆ ಕೊಡುತ್ತಿತ್ತು. ಆಗ ಒಂದೊಂದು ಕಣ್ಣಿಗೆ ಒಂದೊಂದು ಅರ್ಜಿ. ನಮ್ಮ ಪಕ್ಕದ ಮನೆಯ ಬೆರಳಚ್ಚುಗಾರರಿಗೆ ಬಲಗಣ್ಣಿನ ಒಪ್ಪಿಗೆ ಬಂದು, ಎಡಗಣ್ಣಿನದು ಬರುವ ಹೊತ್ತಿಗೆ ಬಲಗಣ್ಣಿಗೆ ಕನ್ನಡಕ ಬದಲಾಯಿಸುವ ಕಾಲ ಬಂದಿತ್ತು. ಕಣ್ಣುಗಳನ್ನು ಅಷ್ಟು ನಿಷ್ಠೆಯಿಂದ ಬೇರೆ ಮಾಡಿದವರು ಕಿವಿಗಳನ್ನು ಇಷ್ಟು ಪ್ರೀತಿಯಿಂದ ಒಂದು ಮಾಡಿದ್ದು ಯಾವ ಶಾಸ್ತ್ರದ ಆಧಾರದ ಮೇಲೆ ಎಂದು ತಿಳಿಯುವ ಕುತೂಹಲವಿದೆ.

ನಾವು ಮೇಲ್ಮನವಿ ಹಾಕಿದೆವು. ಮಂಡಳಿ ಹೊಸದಾಗಿ ಶ್ರವಣ ಪರೀಕ್ಷೆ ಮಾಡಿಸಿ ತರುವಂತೆ ಹೇಳಿತು. ನಿಮ್ಮ ಕಚೇರಿಯ ಗಾಜಿನ ಕಿಟಕಿಯ ಹಿಂದೆ ಕೂರುವ ಹೆಣ್ಣುಮಗಳು ಒಳ್ಳೆಯವಳು. ಅವಳ ಕೆಲಸಕ್ಕೆ ಕುತ್ತು ಬರಬಾರದೆಂದು ಯಾವ ಕಿಟಕಿ ಎಂದು ಹೇಳುವುದಿಲ್ಲ. ಕಾಗದ ಜೋಡಿಸುತ್ತ, ತಲೆಯೆತ್ತದೆ, "ಯಜಮಾನ್ರೇ, ಅಲ್ಲಿ ಹೆಡ್‌ಫೋನ್ ಹಾಕಿ, ಸದ್ದು ಕೇಳಿಸಿದಾಗ ಗುಂಡಿ ಒತ್ತಿ ಅಂತಾರೆ. ಎಲ್ಲಾ ಸಲ ಒತ್ಲೇಬೇಕು ಅಂತ ಏನಿಲ್ಲ" ಎಂದಳು. ಇಡೀ ಕಚೇರಿಯಲ್ಲಿ ನಮ್ಮ ಕಷ್ಟ ಅರ್ಥವಾಗಿದ್ದು ಅವಳೊಬ್ಬಳಿಗೆ.

ಮಾನ್ಯರೇ, ಆ ಸಲಹೆಯನ್ನು ನಾನು ಮನಃಪೂರ್ವಕ ಅನುಮೋದಿಸಿದೆ. ನನ್ನ ಅನುಮೋದನೆಗೆ ಅರ್ಜಿ ಬೇಕಾಗುವುದಿಲ್ಲ. ಅಕ್ಕ ಬಸ್ಸಿನಲ್ಲಿ ಗಂಡನಿಗೆ ಪಾಠ ಹೇಳಿದಳು. ಸಣ್ಣ ಸದ್ದುಗಳಿಗೆ ಸುಮ್ಮನಿರಬೇಕು, ದೊಡ್ಡವಕ್ಕೆ ಮಾತ್ರ ಒತ್ತಬೇಕು, ಅದನ್ನೂ ಸ್ವಲ್ಪ ಯೋಚಿಸಿದ ಹಾಗೆ ಮಾಡಿ ಒತ್ತಬೇಕು. ಭಾವ ಶಾಲೆಗೆ ಹೊರಟ ಹುಡುಗನ ಹಾಗೆ ತಲೆಯಾಡಿಸಿದರು. ಸುಳ್ಳು ಹೇಳಲಾರದ ಮಹಾನುಭಾವ ಎಂದುಕೊಳ್ಳಬೇಡಿ. ಎಡಗಿವಿಯ ನೆಪದಲ್ಲಿ ಅವರು ಕೇಳಿಸದಂತೆ ನಟಿಸಿದ ಸಂದರ್ಭಗಳ ದೊಡ್ಡ ಪಟ್ಟಿಯೇ ಅಕ್ಕನ ಬಳಿ ಇದೆ.

ಪರೀಕ್ಷೆಯ ಗೂಡು ಟೆಲಿಫೋನ್ ಬೂತಿನಷ್ಟೇ ದೊಡ್ಡದು. ಒಳಗೋಡೆಗೆ ರಂಧ್ರಗಳಿರುವ ಹಲಗೆ, ಬಾಗಿಲಿಗೆ ದಪ್ಪ ರಬ್ಬರು, ಒಂದು ಚಿಕ್ಕ ಗಾಜಿನ ಕಿಂಡಿ. ಭಾವ ಒಳಗೆ ಕುಳಿತರು. ಹೊರಗೆ ಪರೀಕ್ಷಕಿ ಯಂತ್ರದ ಮುಂದೆ ಕುಳಿತಳು. ನಾನೂ ಅಕ್ಕನೂ ಕಿಂಡಿಗೆ ಕಣ್ಣಿಟ್ಟು ನಿಂತೆವು. ಭಾವ ಕಣ್ಣು ಮುಚ್ಚಿದ್ದರು, ಮುಖದಲ್ಲಿ ಯಾವ ಭಾವವೂ ಇರಲಿಲ್ಲ. ಹೆಬ್ಬೆರಳು ಮಾತ್ರ ತಪ್ಪದೆ ಕೆಲಸ ಮಾಡುತ್ತಿತ್ತು. ಪರೀಕ್ಷಕಿ ಸದ್ದನ್ನು ಇಳಿಸುತ್ತ ಹೋದಳು, ಹೆಬ್ಬೆರಳು ಒತ್ತುತ್ತಲೇ ಹೋಯಿತು. ಅವಳು ಒಮ್ಮೆ ಯಂತ್ರದ ತಂತಿಯನ್ನು ಕಿತ್ತು ಮತ್ತೆ ಸಿಕ್ಕಿಸಿ ನೋಡಿದಳು. ಅಕ್ಕ ನನ್ನ ಮೊಣಕೈ ಹಿಂಡಿದಳು.

ಹೊರಬಂದ ಗಂಡನಿಗೆ ಅವಳು ಅಲ್ಲೇ, ಬಲಗಿವಿಯ ಹತ್ತಿರ ಹೋಗಿ, "ಏನ್ರೀ, ಹೇಳಿದ್ದೇನು, ನೀವು ಮಾಡಿದ್ದೇನು?" ಎಂದಳು.

"ಸುಮ್ನೆ ಇರ್ಬೇಕು ಅಂತಾನೇ ಕೂತಿದ್ದೆ ಕಣೇ. ಅಷ್ಟು ಸಣ್ಣ ಸದ್ದು ಬಂದ್ರೆ ಎಲ್ಲಿದೆ ಅಂತ ಹುಡ್ಕೋದೇ ಅಭ್ಯಾಸ. ಸಿಕ್ತು ಅನ್ನೋದ್ರೊಳಗೆ ಒತ್ತಿರ್ತೀನಿ." ಆಮೇಲೆ ಪರೀಕ್ಷಕಿಯ ಕಡೆ ತಿರುಗಿ, ಯಂತ್ರದ ಒಂದು ಸ್ವರ ಕೂದಲೆಳೆಯಷ್ಟು ಇಳಿದಿದೆ, ಯಾರಿಗಾದರೂ ತೋರಿಸುವುದು ಒಳ್ಳೆಯದು ಎಂದು ಪಿಸುಗುಟ್ಟಿದರು. ಅಕ್ಕ ಹಣೆ ಚಚ್ಚಿಕೊಂಡಳು.

ಪರೀಕ್ಷಕಿ ಪ್ರಾಮಾಣಿಕಳು, ವಯಸ್ಸಿಗೆ ಅಸಾಧಾರಣವಾದ ಶ್ರವಣಶಕ್ತಿ ಎಂದು ಬರೆದಳು. ಮಂಡಳಿ ಆ ಮಾತನ್ನು ಎತ್ತಿ ಬರೆದು, ಹಿಂದಿನ ಪರೀಕ್ಷೆಗಿಂತ ಸುಧಾರಣೆ ಕಂಡಿರುವುದನ್ನು ಸಂತೋಷದಿಂದ ಗಮನಿಸಿ ಮೇಲ್ಮನವಿಯನ್ನು ತಿರಸ್ಕರಿಸಿತು. ಎಂಥ ಸಂತೋಷ ಅದು? ಆ ವಾಕ್ಯ ಬರೆದವರು ಬರೆಯುವಾಗ ಒಮ್ಮೆಯಾದರೂ ಪೆನ್ನು ನಿಲ್ಲಿಸಿದರೇ? ಮನುಷ್ಯನೊಬ್ಬ ತನ್ನ ಒಂದೇ ಕಿವಿಯನ್ನು ಉಳಿಸಿಕೊಡಿ ಎಂದು ಕೇಳಿದಾಗ, ನಿಮ್ಮ ಕಿವಿ ಬಹಳ ಚೆನ್ನಾಗಿದೆ, ಆದ್ದರಿಂದ ಆಗುವುದಿಲ್ಲ ಎನ್ನುವುದು ಉತ್ತರವೋ, ವಿಧಿಯ ಮಾತೋ? ನಾನು ಓದಿದ ಪುಸ್ತಕಗಳಲ್ಲಿ ರಾಕ್ಷಸರು ಹೀಗೆ ಮಾತಾಡುತ್ತಾರೆ. ಆದರೆ ಅವರು ಶೀಘ್ರ ಗುಣಮುಖರಾಗಲಿ ಎಂದು ಹಾರೈಸುವುದಿಲ್ಲ.

ಇಷ್ಟರೊಳಗೆ ಭಾವನಿಗೆ ಮೆಟ್ಟಿಲು ಹತ್ತಿದರೆ ಉಸಿರು ಸೀಟಿ ಹೊಡೆಯುತ್ತಿತ್ತು. ಗಡ್ಡೆ ಅರ್ಜಿಯ ವಿಲೇವಾರಿಗೆ ಕಾಯುವುದಿಲ್ಲ. ಇನ್ನು ತಡಮಾಡಿದರೆ ಯಾವ ಔಷಧಿಯ ಮಾತೂ ಬೇಕಾಗುವುದಿಲ್ಲ ಎಂದು ಡಾಕ್ಟರಮ್ಮ ಹೇಳಿದರು. ಹೇಳುವಾಗ ಅವರು ನಮ್ಮ ಮುಖ ನೋಡಲಿಲ್ಲ. ಭಾವ ಹಾಸಿಗೆಯಲ್ಲಿ ತೋಳು ಚಾಚಿ ಮಲಗಿ, ಸಿಸ್‌ಪ್ಲಾಟಿನ್ ಬಾಟಲಿಯಿಂದ ಇಳಿಯುತ್ತಿದ್ದ ಹನಿಗಳನ್ನು ನೋಡುತ್ತ, "ಇದೂ ಒಂದು ತಾಳ ಹಿಡಿದೇ ಬೀಳುತ್ತೆ ನೋಡು ಮೈದುನ" ಎಂದರು. ಆರಿಸಿಕೊಂಡವನ ಮಾತಲ್ಲ ಅದು, ಒಪ್ಪಿಸಿಕೊಂಡವನ ಮಾತು.

ಮೊದಲ ಸುತ್ತು ಮುಗಿದ ವಾರದಲ್ಲೇ ಕಿವಿಯಲ್ಲಿ ಜೀರುಂಡೆ ಕೂತಿತು. ಅವರ ಮಾತಿನಲ್ಲಿ ಹೇಳುವುದಾದರೆ, ಶ್ರುತಿ ತಪ್ಪಿದ ಜೀರುಂಡೆ. ಮತ್ತೆ ಗೂಡು, ಮತ್ತೆ ಗುಂಡಿ. ಈ ಸಲ ಹೆಬ್ಬೆರಳು ಎಷ್ಟೋ ಹೊತ್ತು ಸುಮ್ಮನೇ ಇತ್ತು. ನಟಿಸುತ್ತಿದ್ದಾರೇನೋ ಎಂದು ಅಕ್ಕ ಆಸೆಯಿಂದ ನನ್ನ ಮುಖ ನೋಡಿದಳು. ಭಾವ ಕಣ್ಣು ತೆರೆದು ಕಿಂಡಿಯ ಕಡೆ ನೋಡಿದರು, ಪರೀಕ್ಷೆ ಇನ್ನೂ ಶುರುವಾಗಿಲ್ಲವೇ ಎನ್ನುವ ಹಾಗೆ. ಅದು ಶುರುವಾಗಿ ಬಹಳ ಹೊತ್ತಾಗಿತ್ತು. ಆ ವರದಿಯೊಡನೆ ಹೋದ ಅರ್ಜಿಗೆ ತಾವು ಕೂಡಲೇ ಒಪ್ಪಿದಿರಿ. ಮುಂದಿನ ಸುತ್ತುಗಳು ಡೋಸಿಟಾಕ್ಸೆಲ್. ಈಗ ಅವರು ಎಲ್ಲ ದೃಷ್ಟಿಯಿಂದಲೂ ಅರ್ಹರು.

ನ್ಯಾಯವಾಗಿ ಹೇಳಬೇಕು: ಗಡ್ಡೆ ಕುಗ್ಗುತ್ತಿದೆ. ಕುತ್ತಿಗೆಯ ಗಂಟು ಕೈಗೆ ಸಿಗುವುದೇ ಕಷ್ಟವಾಗಿದೆ. ಆ ಮೊದಲ ಸುತ್ತಿನ ಪಾಲೂ ಇದರಲ್ಲಿದೆ, ಇರಲಿ. ಕಿವಿ ಕೊಟ್ಟು ಜೀವ ಉಳಿಸಿಕೊಂಡರೆ ತಪ್ಪೇನು ಎಂದು ತಾವು ಕೇಳಬಹುದು. ತಪ್ಪಿಲ್ಲ. ಭಾವ ತಾವೇ ಹಾಗೆ ಆರಿಸಿಕೊಂಡಿದ್ದರೆ ನಾನು ಒಂದಕ್ಷರ ಬರೆಯುತ್ತಿರಲಿಲ್ಲ. ಕೊಡುವವನು ಕೊಡುವುದಕ್ಕೂ ಕಿತ್ತುಕೊಂಡು ರಸೀತಿ ಕೊಡುವುದಕ್ಕೂ ವ್ಯತ್ಯಾಸವಿಲ್ಲವೇ?

ಹೋದ ವಾರ, ಸ್ವಲ್ಪ ಗೆಲುವಾಗಿದ್ದರೆಂದು, ಅವರು ಹಟ ಹಿಡಿದು ಸಂಗೀತ ಶಾಲೆಗೆ ಹೊರಟರು. ನಾನೂ ಜೊತೆಗೆ ಹೋದೆ. ಮಕ್ಕಳಿಗೆ ರಜೆ. ಭಾವ ಪಿಯಾನೊದ ಮುಚ್ಚಳ ತೆಗೆದು, ನಡುವಿನ ಸ್ವರದ ಮನೆಗಳನ್ನು ಒಂದೊಂದಾಗಿ ಒತ್ತುತ್ತ ಬಲಕ್ಕೆ ಸರಿದರು. ಮೇಲಿನ ಕೊನೆಗೆ ಬಂದಾಗ ನಿಂತರು. ಒಂದೇ ಮನೆಯನ್ನು ಮತ್ತೆ ಮತ್ತೆ ಒತ್ತಿದರು. ನನಗೆ ತೆಳುವಾದ, ಹೊಳಪಾದ ಒಂದು ನಾದ ಕೇಳಿಸಿತು.

"ನಿನಗೇನು ಕೇಳಿಸ್ತು?" ಎಂದರು.

"ಸ್ವರ ಕೇಳಿಸ್ತು ಭಾವ."

"ನಂಗೆ ಮರದ ತುಂಡಿನ ಮೇಲೆ ತಟ್ಟಿದ ಹಾಗೆ ಬರೀ ಟಕ್ ಅಂತು. ಹೆಂಗಿತ್ತು ಸ್ವರ?"

ಚೆನ್ನಾಗಿತ್ತು ಎಂದೆ. ಅವರು ನಕ್ಕರು. ನಕ್ಕರೆ ಗಂಟಲು ನೋಯುತ್ತದೆ, ಆದರೂ ನಕ್ಕರು. "ಚೆನ್ನಾಗಿರೋಕೆ ಹೆಂಗಾಗುತ್ತೆ? ನಾನು ಮಲಗಿದಾಗಿಂದ ಇದರ ಶ್ರುತಿ ಯಾರೂ ಮುಟ್ಟಿಲ್ಲ." ಮುಚ್ಚಳ ಹಾಕಿ, ತಂತಿ ಬಿಗಿಮಾಡುವ ತಮ್ಮ ಕೀಲಿಯನ್ನು ಶಾಲೆಯ ಅಧ್ಯಾಪಕಿಯ ಮೇಜಿನ ಮೇಲೆ ಇಟ್ಟು ಬಂದರು. ಮರೆತು ಬಿಟ್ಟರೇನೋ ಎಂದು ನಾನು ಎತ್ತಿಕೊಳ್ಳಹೋದೆ, ಬೇಡವೆಂದು ಕೈಸನ್ನೆ ಮಾಡಿದರು.

ಈಗ ನನ್ನ ಬೇಡಿಕೆ. ಭಾವನ ಹೆಸರಿನಲ್ಲಿ ನಾನು ಏನನ್ನೂ ಕೇಳುತ್ತಿಲ್ಲ. ಅವರ ವಿಷಯದಲ್ಲಿ ಕೊಡಬಹುದಾದದ್ದು ತಮ್ಮ ಬಳಿ ಉಳಿದಿಲ್ಲ. ಆದರೆ ಅವರ ವಾರ್ಡಿನ ಎದುರಿನ ಹಾಸಿಗೆಯಲ್ಲಿ, ಬೂಟಿನ ಅಂಗಡಿಯಲ್ಲಿ ಕೆಲಸ ಮಾಡುವ ಒಬ್ಬ ಹೆಂಗಸಿದ್ದಾರೆ. ನಾಲಗೆಯ ಬುಡದ ಕ್ಯಾನ್ಸರು, ಭಾವನದಷ್ಟೇ ಮುಂದುವರಿದದ್ದು. ಅವರು ಒಂದು ಕಾಲದಲ್ಲಿ ತನ್ನ ತಂಗಿಗೆ ಒಂದು ಮೂತ್ರಪಿಂಡ ಕೊಟ್ಟವರು. ಉಳಿದ ಒಂದು ಸೊಗಸಾಗಿ ಕೆಲಸ ಮಾಡುತ್ತಿದೆ. ತಮ್ಮ ನಿಯಮದ ಮುಂದಿನ ಸಾಲು ಏನು ಹೇಳುತ್ತದೆಂದು ನಾನು ತಮಗೆ ನೆನಪಿಸಬೇಕಿಲ್ಲ: ಮೂತ್ರಪಿಂಡದ ಕಾರ್ಯ ಕುಗ್ಗಿದ್ದರೆ ಮಾತ್ರ ಪರ್ಯಾಯ. ಡಾಕ್ಟರಮ್ಮನೂ ಅವರೂ ಸೇರಿ ಡೋಸಿಟಾಕ್ಸೆಲ್ ಎಂದು ತೀರ್ಮಾನಿಸಿ ಬರೆದ ಅರ್ಜಿ ಈಗ ತಮ್ಮ ಮೇಜಿನ ಮೇಲಿದೆ. ವಿಕಿರಣ ಸೋಮವಾರ ಶುರುವಾಗಬೇಕು.

ಅದನ್ನು ಸೋಮವಾರದೊಳಗೆ ಒಪ್ಪಿ. ಒಪ್ಪಲಾಗದಿದ್ದರೆ, ನಿಯಮ ಹೀಗೆನ್ನುತ್ತದೆ ಎಂದು ಬರೆಯಬೇಡಿ. ಆಸ್ಪತ್ರೆಗೆ ಬನ್ನಿ, ಆ ಹಾಸಿಗೆಯ ಪಕ್ಕ ಸ್ಟೂಲು ಹಾಕಿಕೊಂಡು ಕೂರಿ, ನಿಮ್ಮ ಒಂದೇ ಮೂತ್ರಪಿಂಡ ಮೊದಲು ಕೆಡಲಿ, ಆಮೇಲೆ ನೋಡೋಣ ಎಂದು ಅವರ ಮುಖ ನೋಡಿ ಹೇಳಿ. ಹಾಗೆ ಹೇಳಲು ನಾಲಗೆ ಏಳದಿದ್ದರೆ, ಆ ಸಾಲನ್ನೂ ಎರಡು ಕಿವಿಗಳ ಸಾಲನ್ನೂ ಹೊಡೆದುಹಾಕಿ. ಅಂಗ ಕೆಟ್ಟ ಮೇಲೆ ಅಲ್ಲ, ಕೆಡಬಹುದು ಎಂದು ವೈದ್ಯರು ಹೇಳಿದಾಗಲೇ, ರೋಗಿ ಎಲ್ಲ ತಿಳಿದು ಒಪ್ಪಿದ್ದರೆ ಪರ್ಯಾಯ ಔಷಧಿ ಸಿಗಬೇಕು. ಆ ಹೆಂಗಸಿನ ಮೂತ್ರಪಿಂಡ ಈಗ ಚೆನ್ನಾಗಿದೆ, ಮಾನ್ಯರೇ. ಚೆನ್ನಾಗಿರುವಾಗಲೇ ಅವರ ಅರ್ಜಿ ಓದಿ.

ಇಂತಿ,
ಒಂದೇ ಮಾತನ್ನು ಎರಡೆರಡು ಸಲ, ಸ್ವಲ್ಪ ಗಟ್ಟಿಯಾಗಿ ಹೇಳುವುದನ್ನು ಈಗೀಗ ಕಲಿಯುತ್ತಿರುವ
ಒಬ್ಬ ಮೈದುನ